ಕವಾಸಾಕಿ ಬಂದು ಹೋದ ಮಗು ಓಡಬಹುದಾ? ಪಿಟಿ ಪೀರಿಯಡ್‌ನಲ್ಲಿ ಬೇಗ ಏದುಸಿರು ಬರುತ್ತಿದೆ

ಬೆಳ್ಳಿಚುಕ್ಕಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ ಪ್ಲೀಸ್.

ನನ್ನ ಮಗನಿಗೆ ಈಗ ಎಂಟು ವರ್ಷ. ನಾಲ್ಕು ವರ್ಷದವನಿದ್ದಾಗ ಕವಾಸಾಕಿ ಕಾಯಿಲೆ (ರಕ್ತನಾಳಗಳಿಗೆ ಉರಿಯೂತ ಬರುವ ಕಾಯಿಲೆ) ಬಂದಿತ್ತು. ಜ್ವರ ಯಾವ ಔಷಧಿಗೂ ಬಗ್ಗಲಿಲ್ಲ. ಕಣ್ಣು ಕೆಂಪು, ತುಟಿ ಒಡೆದು ರಕ್ತ, ಮೈಯೆಲ್ಲಾ ಕೆಂಪು ಗುಳ್ಳೆ, ಅಂಗಾಲು ಊದಿಕೊಂಡು ನಿಲ್ಲೋದಕ್ಕೇ ಆಗುತ್ತಿರಲಿಲ್ಲ. ಜ್ವರ ಶುರುವಾಗಿ ಹತ್ತು ದಿನದೊಳಗೆ ಐವಿಐಜಿ (ಡ್ರಿಪ್‌ನಲ್ಲಿ ಹಾಕುವ ಪ್ರತಿಕಾಯಗಳ ಔಷಧಿ) ಕೊಟ್ಟರು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಎಡಗಡೆಯ ಕೊರೊನರಿ ರಕ್ತನಾಳ, ಅಂದರೆ ಹೃದಯಕ್ಕೇ ರಕ್ತ ಕೊಡುವ ನಾಳ, ಸ್ವಲ್ಪ ಅಗಲವಾಗಿದೆ, ಝಡ್ ಸ್ಕೋರ್ 2.2 ಅಂದರು. ಆರು ವಾರಕ್ಕೆ ಮತ್ತೆ ನೋಡಿದಾಗ ನಾರ್ಮಲ್. ಒಂದು ವರ್ಷದ ಎಕೋ ಕೂಡ ನಾರ್ಮಲ್. ಆಸ್ಪಿರಿನ್ ಯಾವಾಗಲೋ ನಿಂತಿದೆ. "ಇನ್ನು ಬರೋದು ಬೇಡ, ಎಲ್ಲ ಮಕ್ಕಳ ಹಾಗೆ ಬೆಳೆಸಿ" ಅಂತ ಡಾಕ್ಟರು ಕಳಿಸಿಬಿಟ್ಟರು.

ಆದರೆ ಮನೆಯಲ್ಲಿ ಎಲ್ಲ ಮಕ್ಕಳ ಹಾಗೆ ಬೆಳೆಸಿಲ್ಲ. ಅಜ್ಜಿ ತಾತ ಓಡಬೇಡ ಅಂತಾರೆ, ಶಾಲೆಯಲ್ಲೂ ಹೇಳಿಟ್ಟಿದ್ದೇವೆ, ಪಿಟಿ ಪೀರಿಯಡ್‌ನಲ್ಲಿ ಅವನು ಹೆಚ್ಚಾಗಿ ಸ್ಕೋರ್ ಬರೆಯುತ್ತಾ ಕೂರುತ್ತಾನೆ. ಈಗ ಹೊಸ ಮೇಷ್ಟ್ರು ಬಂದಿದ್ದಾರೆ, ಎಲ್ಲರನ್ನೂ ಓಡಿಸುತ್ತಾರೆ. ಮೈದಾನದ ಎರಡನೇ ಸುತ್ತಿಗೇ ಇವನಿಗೆ ಏದುಸಿರು, ಮುಖ ಕೆಂಪು, ಕೂತುಬಿಡುತ್ತಾನೆ. ಎದೆನೋವು ಇಲ್ಲ, ತಲೆ ತಿರುಗಿಲ್ಲ. ಐದು ನಿಮಿಷದಲ್ಲಿ ಮತ್ತೆ ಎದ್ದು ಆಡುತ್ತಾನೆ.

ಇದು ಹೃದಯದ್ದಾ, ಸುಮ್ನೆ ಅಭ್ಯಾಸ ಇಲ್ಲದ್ದಾ? ಹೇಗೆ ಗೊತ್ತು ಮಾಡಿಕೊಳ್ಳೋದು?

ದೊಡ್ಡಮರ
ಮೇಡಂ, ನೇರವಾಗಿ ಹೇಳುತ್ತೇನೆ. ಹೃದಯಕ್ಕೆ ಒಮ್ಮೆ ಪೆಟ್ಟು ಬಿದ್ದರೆ ಬಿತ್ತು. ಓಡಿಸಲೇಬೇಡಿ. ಚೆಸ್, ಚಿತ್ರಕಲೆ ಇಲ್ವಾ? ಜೀವಕ್ಕಿಂತ ಆಟ ದೊಡ್ಡದಾ?

ಎಕೋರೂಂ
ಮಕ್ಕಳ ಹೃದಯ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ದೊಡ್ಡಮರ ಅವರೇ, ಕಾಳಜಿಯಿಂದ ಹೇಳಿದ್ದೀರಿ, ಸರಿ. ಆದರೆ ಇಂಥ ಮಾತು ಕೇಳಿ ಕೇಳಿಯೇ ಚೆನ್ನಾಗಿರುವ ಮಕ್ಕಳೂ ಬೆಂಚಿನ ಮೇಲೆ ಕೂತಿರುತ್ತಾರೆ.

ಬೆಳ್ಳಿಚುಕ್ಕಿ ಅವರೇ, ಆ ಝಡ್ ಸ್ಕೋರ್ ನಂಬರ್ ನಿಮ್ಮ ಹತ್ತಿರ ಇರೋದು ತುಂಬಾ ಒಳ್ಳೆಯದಾಯಿತು. ಎಷ್ಟೋ ತಂದೆತಾಯಿಗೆ "ಹೃದಯಕ್ಕೆ ಸ್ವಲ್ಪ ತೊಂದರೆ ಆಗಿತ್ತು" ಅನ್ನೋದು ಬಿಟ್ಟು ಬೇರೇನೂ ಗೊತ್ತಿರುವುದಿಲ್ಲ.

ಮಗುವಿನ ಮೈಗಾತ್ರಕ್ಕೆ ಆ ರಕ್ತನಾಳ ಎಷ್ಟು ಅಗಲ ಇರಬೇಕೋ ಅದಕ್ಕಿಂತ ಎಷ್ಟು ಜಾಸ್ತಿ ಇದೆ ಅನ್ನೋದನ್ನು ಝಡ್ ಸ್ಕೋರ್ ಹೇಳುತ್ತದೆ. 2ಕ್ಕಿಂತ ಕಡಿಮೆ ಇದ್ದರೆ ನಾರ್ಮಲ್. 2ರಿಂದ 2.5ರೊಳಗೆ ಇದ್ದರೆ ಬರೀ ಅಗಲವಾಗಿದೆ ಅಂತ, ಅದು ಅನ್ಯೂರಿಸಂ (ನಾಳದ ಉಬ್ಬು) ಅಲ್ಲ. 2.5ರಿಂದ 5ರೊಳಗೆ ಸಣ್ಣ ಅನ್ಯೂರಿಸಂ, 5ರಿಂದ 10ರೊಳಗೆ ಮಧ್ಯಮ. 10 ಅಥವಾ ಅದಕ್ಕಿಂತ ಜಾಸ್ತಿ, ಇಲ್ಲವೇ ಅಗಲವೇ 8 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ದೈತ್ಯ ಅನ್ಯೂರಿಸಂ. ಸೈಕಲ್ ಟ್ಯೂಬ್ ಒಂದು ಕಡೆ ಉಬ್ಬಿಕೊಳ್ಳುತ್ತಲ್ಲ, ಹಾಗೆ ನಾಳದ ಗೋಡೆ ಉಬ್ಬಿರುತ್ತದೆ. ನಿಮ್ಮ ಮಗನದು ಉಬ್ಬಿನ ಗಡಿಯನ್ನೇ ತಲುಪಲಿಲ್ಲ, ಆರು ವಾರಕ್ಕೆ ಸರಿಹೋಯಿತು. ಇಂಥ ಮಕ್ಕಳಿಗೆ ಆಟದ ನಿರ್ಬಂಧ ಇರುವುದಿಲ್ಲ. ಡಾಕ್ಟರು ಕಳಿಸಿದ್ದು ಬೇಜವಾಬ್ದಾರಿಯಿಂದ ಅಲ್ಲ.

ಈ ಕಾಯಿಲೆಯನ್ನು ಮೊದಲು ಗುರುತಿಸಿ ಬರೆದವರು ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ. 1961ರಲ್ಲಿ ಮೊದಲ ಮಗುವನ್ನು ನೋಡಿದರು, 1967ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿದರು. ಆಗ ಐವಿಐಜಿ ಚಿಕಿತ್ಸೆ ಇರಲಿಲ್ಲ. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅನ್ಯೂರಿಸಂ ಆಗುತ್ತದೆ. ಹತ್ತು ದಿನದೊಳಗೆ ಐವಿಐಜಿ ಸಿಕ್ಕರೆ ಅದು ಶೇಕಡಾ 4ರ ಆಸುಪಾಸಿಗೆ ಇಳಿಯುತ್ತದೆ. ಕವಾಸಾಕಿ ಅಂದ ತಕ್ಷಣ ಜನ ಹೆದರೋದು ಚಿಕಿತ್ಸೆ ಇಲ್ಲದ ಕಾಲದ ಕವಾಸಾಕಿಗೆ.

ಟ್ರೆಡ್‌ಮಿಲ್ ಅಣ್ಣ
ವ್ಯಾಯಾಮ ಪರೀಕ್ಷೆ ಲ್ಯಾಬ್‌ನಲ್ಲಿ ಕೆಲಸ ನನ್ನದು. ಮಕ್ಕಳು ಇಟ್ಟ ಹೆಸರು ಇದು, ಇರಲಿ.

ಹೃದಯದ್ದಾ, ಅಭ್ಯಾಸ ಇಲ್ಲದ್ದಾ ಅಂತ ಕೇಳಿದಿರಿ. ಮೈದಾನದ ಪಕ್ಕ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಟೆಸ್ಟ್‌ನಲ್ಲಿ ಬೇರೆ ಬೇರೆ ಕಾಣುತ್ತವೆ.

ಏನು ಮಾಡುತ್ತೇವೆ ಹೇಳುತ್ತೇನೆ. ಎದೆಗೆ ಇಸಿಜಿ ತಂತಿಗಳು, ತೋಳಿಗೆ ಬಿಪಿ ಪಟ್ಟಿ, ಮೂಗು ಬಾಯಿ ಮುಚ್ಚುವ ಮಾಸ್ಕ್. ಮಗು ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತಿದೆ, ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತಿದೆ ಅಂತ ಮಾಸ್ಕ್ ಮೂಲಕ ಅಳೆಯುತ್ತೇವೆ. ಟ್ರೆಡ್‌ಮಿಲ್ ಮೇಲೆ ನಡೆಸೋದಕ್ಕೆ ಬ್ರೂಸ್ ಪದ್ಧತಿ ಅಂತ ಒಂದಿದೆ. ಗಂಟೆಗೆ 2.7 ಕಿಲೋಮೀಟರ್ ವೇಗ, ಶೇಕಡಾ 10 ಏರು, ಅಲ್ಲಿಂದ ಶುರು. ಮೂರು ನಿಮಿಷಕ್ಕೊಮ್ಮೆ ವೇಗ ಮತ್ತು ಏರು ಎರಡೂ ಹೆಚ್ಚುತ್ತವೆ. ಮೊದಲ ಹಂತದಲ್ಲಿ ಮಕ್ಕಳು ನಗುತ್ತಾ ನಡೆಯುತ್ತಾರೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ. ಬೆರಳು ಬಿಡಿಸೋದೇ ನನಗೆ ದೊಡ್ಡ ಕೆಲಸ, ಯಾಕಂದರೆ ಕಂಬಿಗೆ ಜೋತುಬಿದ್ದರೆ ಕಾಲಿನ ಮೇಲೆ ಭಾರ ಬೀಳುವುದಿಲ್ಲ, ಟೆಸ್ಟ್ ಜಾಸ್ತಿ ಹೊತ್ತು ಮಾಡಿದ ಹಾಗೆ ಕಾಣುತ್ತೆ ಆದರೆ ಆ ಲೆಕ್ಕ ಸುಳ್ಳು. ಒಂದು ಬೆರಳು ತಾಗಿಸಿಕೊಂಡಿರಲಿ ಅಂತ ಒಪ್ಪಂದ ಮಾಡಿಕೊಳ್ಳುತ್ತೇನೆ.

ಈಗ ವ್ಯತ್ಯಾಸ. ಬರೀ ಅಭ್ಯಾಸ ತಪ್ಪಿದ ಮಗುವಿನಲ್ಲಿ ಇಸಿಜಿ ಶುದ್ಧವಾಗಿರುತ್ತದೆ. ಬಿಪಿ ಏರಬೇಕಾದ ಹಾಗೆ ಏರುತ್ತದೆ. ಹೃದಯ ಬಡಿತ ಬೇಗ ಬೇಗ ಮೇಲೆ ಹೋಗುತ್ತದೆ, 190 ದಾಟಿದರೂ ಗಾಬರಿ ಬೇಡ, ಪೂರ್ತಿ ದಮ್ಮು ಕಟ್ಟಿ ಓಡುವ ಮಗುವಿಗೆ ಅದು ಸಹಜ. ಸ್ನಾಯುಗಳು ಬೇಗ ಸೋಲುತ್ತವೆ, ಅಷ್ಟೇ. ಹೃದಯಕ್ಕೆ ರಕ್ತ ಸಾಲದೆ ಇದ್ದರೆ ಬೇರೆ ಥರ. ಇಸಿಜಿಯಲ್ಲಿ ಎಸ್‌ಟಿ ಗೆರೆ ಕೆಳಗಿಳಿಯಬಹುದು, ಬಿಪಿ ಏರುವ ಬದಲು ನಿಂತುಬಿಡಬಹುದು ಅಥವಾ ಬೀಳಬಹುದು. ಒಂದೊಂದು ಬಡಿತಕ್ಕೆ ಮೈಗೆ ಎಷ್ಟು ಆಮ್ಲಜನಕ ಸಿಗುತ್ತಿದೆ ಅನ್ನುವ ಲೆಕ್ಕ ಮಧ್ಯದಲ್ಲೇ ಮಟ್ಟಸವಾಗಿಬಿಡಬಹುದು. ಬಡಿತ ತಾಳ ತಪ್ಪಬಹುದು.

ಇನ್ನೊಂದು ಮಾತು. ಅನ್ಯೂರಿಸಂ ಇರುವ ಮಕ್ಕಳಲ್ಲಿ ಬರೀ ಇಸಿಜಿ ಹಾಕಿ ಮಾಡುವ ಟಿಎಂಟಿಯನ್ನು (ಟ್ರೆಡ್‌ಮಿಲ್ ಟೆಸ್ಟ್) ಮಾತ್ರ ನಂಬಿ ಕೂರುವುದಿಲ್ಲ. ಅದರ ಜೊತೆ ಹೃದಯದ ಚಿತ್ರವೂ ಬೇಕು: ಹೃದಯಕ್ಕೆ ಶ್ರಮ ಕೊಟ್ಟು ಮಾಡುವ ಸ್ಟ್ರೆಸ್ ಎಕೋ, ಇಲ್ಲವೇ ಸ್ಟ್ರೆಸ್ ಎಂಆರ್‌ಐ. ನಿಮ್ಮ ಮಗನಿಗೆ ಇಷ್ಟೆಲ್ಲಾ ಬೇಕಾ? ಅದನ್ನು ಡಾಕ್ಟರೇ ಹೇಳಬೇಕು. ಕೇಳೋದರಲ್ಲಿ ತಪ್ಪಿಲ್ಲ.

ಬೆಳ್ಳಿಚುಕ್ಕಿ
ಅಣ್ಣಾ, ತುಂಬಾ ಥ್ಯಾಂಕ್ಸ್. ಎಂಟು ವರ್ಷದವನು ಇಷ್ಟೆಲ್ಲಾ ಮಾಡುತ್ತಾನಾ? ಮಾಸ್ಕ್ ಹಾಕಿದರೆ ಅಳುತ್ತಾನೇನೋ.

ಟ್ರೆಡ್‌ಮಿಲ್ ಅಣ್ಣ
ಎಂಟು ಒಳ್ಳೆಯ ವಯಸ್ಸು. ಐದಾರು ವರ್ಷದವರಿಗೆ ಕಷ್ಟ, ಬೇಜಾರಾಗಿ ಇಳಿದುಬಿಡುತ್ತಾರೆ. ಮಾಸ್ಕ್ ಮೊದಲೇ ಕೈಗೆ ಕೊಟ್ಟು ಆಡಿಸಿ ಆಮೇಲೆ ಹಾಕುತ್ತೇವೆ. ಓಡುವ ಶೂ ತನ್ನಿ. ಚಪ್ಪಲಿಯಲ್ಲಿ ಬಂದವರೇ ಜಾಸ್ತಿ. ಅಮ್ಮ ಎದುರಿಗೆ ನಿಂತು ಕಣ್ಣೀರು ಹಾಕಿದರೆ ಮಗು ಕೂಡಲೇ ನಿಲ್ಲಿಸುತ್ತೆ, ಆದ್ದರಿಂದ ಸ್ವಲ್ಪ ಪಕ್ಕಕ್ಕೆ ನಿಲ್ಲಿ.

ಗಾಳಿಪಟ_ಅಪ್ಪ
ನನ್ನದು ಇನ್ನೊಂದು ತುದಿಯ ಕಥೆ. ಇದನ್ನೂ ಓದಲಿ ಜನ, ಇಲ್ಲದಿದ್ದರೆ "ಕವಾಸಾಕಿ ಆದರೂ ಏನೂ ಆಗಲ್ಲ" ಅಂತ ತಿಳಿದುಕೊಂಡು ಹೋಗುತ್ತಾರೆ.

ಮಗಳಿಗೆ ದೈತ್ಯ ಅನ್ಯೂರಿಸಂ. ಎಳೆ ಮಗುವಾಗಿದ್ದಾಗ ಬಂದದ್ದು, ಕವಾಸಾಕಿಯ ಎಲ್ಲ ಲಕ್ಷಣಗಳೂ ಇರಲಿಲ್ಲ, ಗುರುತಿಸೋದು ತಡವಾಯಿತು. ಒಂದು ವರ್ಷದೊಳಗಿನ ಶಿಶುಗಳಲ್ಲಿ ಹೀಗೆ ಅರ್ಧಂಬರ್ಧ ಲಕ್ಷಣ ಬರುವುದು ಜಾಸ್ತಿಯಂತೆ, ಅಪಾಯವೂ ಜಾಸ್ತಿ. ಈಗ ದಿನಾ ಆಸ್ಪಿರಿನ್, ಜೊತೆಗೆ ವಾರ್ಫರಿನ್. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅನ್ನುವ ಅಳತೆ) 2ರಿಂದ 3ರ ನಡುವೆ ಇಟ್ಟುಕೊಳ್ಳಬೇಕು. ಉಬ್ಬಿನಲ್ಲಿ ರಕ್ತ ನಿಧಾನ ಆಗುತ್ತದೆ, ಹೆಪ್ಪುಗಟ್ಟಿದರೆ ಹೃದಯಾಘಾತ. ಅದು ಆಗಬಾರದು ಅಂತ ಔಷಧಿ. ಔಷಧಿಯಿಂದ ರಕ್ತ ಬೇಗ ನಿಲ್ಲುವುದಿಲ್ಲ. ಆದ್ದರಿಂದ ತಲೆಗೆ ಹೊಟ್ಟೆಗೆ ಪೆಟ್ಟು ಬೀಳುವ ಆಟ ಬೇಡ. ಫುಟ್‌ಬಾಲ್ ಮ್ಯಾಚ್, ಕರಾಟೆ, ಕುಸ್ತಿ ಇಲ್ಲ.

ಆದರೆ ಕೇಳಿ, ಇಂಥ ಮಗುವಿಗೂ ಡಾಕ್ಟರು "ಕೂರಿಸಿ" ಅಂತ ಹೇಳಲೇ ಇಲ್ಲ! ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಸ್ಟ್ರೆಸ್ ಟೆಸ್ಟ್ ಮಾಡಿ, ಹೃದಯಕ್ಕೆ ರಕ್ತ ಸಾಲುತ್ತಿದೆಯಾ ನೋಡಿ, ಅದರ ಮೇಲೆ ಪಟ್ಟಿ ಕೊಡುತ್ತಾರೆ. ನಡಿಗೆ, ಸೈಕಲ್ (ಹೆಲ್ಮೆಟ್ ಕಡ್ಡಾಯ), ಶಟಲ್, ದೊಡ್ಡವರು ಜೊತೆಗಿದ್ದರೆ ಈಜು. ಅವಳು ಸೈಕಲ್ ಹೊಡೆಯೋದನ್ನು ನೋಡಿದರೆ ಯಾರೂ ನಂಬುವುದಿಲ್ಲ. ದೊಡ್ಡಮರ ಅವರಿಗೆ ಇದು ಉತ್ತರ. ಚೆಸ್ಸೂ ಆಡುತ್ತಾಳೆ, ಅದು ಬೇರೆ ವಿಷಯ.

ಆಸ್ಪಿರಿನ್ ಮೇಲಿರುವ ಮಕ್ಕಳ ತಂದೆತಾಯಿಗೆ ಎರಡು ಮಾತು. ಮೈಕೈ ನೋವು, ಜ್ವರಕ್ಕೆ ಐಬುಪ್ರೊಫೆನ್ ನೀವೇ ಕೊಡಬೇಡಿ, ಅದು ಆಸ್ಪಿರಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿ. ಫ್ಲೂ ಅಥವಾ ಚಿಕನ್‌ಪಾಕ್ಸ್ ಬಂದಾಗ ಆಸ್ಪಿರಿನ್ ಒಳಗಿದ್ದರೆ ರೈ ಸಿಂಡ್ರೋಮ್ ಅನ್ನುವ ಅಪರೂಪದ ಆದರೆ ಭಯಂಕರ ತೊಂದರೆ ಆಗಬಹುದು. ಅಂಥ ಸಮಯದಲ್ಲಿ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ನೀವಾಗಿ ನಿಲ್ಲಿಸಬೇಡಿ, ನೀವಾಗಿ ಮುಂದುವರಿಸಲೂ ಬೇಡಿ.

ದೊಡ್ಡಮರ
ಅಲ್ಲ ಸರ್, ನೀವು ಟೆಸ್ಟ್ ಮಾಡಿಸಿ ಬಿಟ್ಟಿದ್ದೀರಿ. ಎಲ್ಲರೂ ಮಾಡಿಸುತ್ತಾರಾ? ಅದಕ್ಕೇ ಹೇಳಿದ್ದು.

ಗಾಳಿಪಟ_ಅಪ್ಪ
ಹಾಗಾದರೆ ಟೆಸ್ಟ್ ಮಾಡಿಸಿ ಅಂತ ಹೇಳೋಣ ಸರ್. ಓಡಬೇಡ ಅಂತ ಯಾಕೆ ಹೇಳಬೇಕು?

ಹಗಲುಗನಸು
ನನ್ನ ಮಗಳಿಗೆ ಕವಾಸಾಕಿ ಅಲ್ಲ, ಕೋವಿಡ್ ಆದ ಮೇಲೆ ಮೈಯ ಹಲವು ಅಂಗಗಳಿಗೆ ಉರಿಯೂತ ಬರುತ್ತಲ್ಲ, ಎಂಐಎಸ್‌ಸಿ, ಅದು. ಹತ್ತು ವರ್ಷದವಳಿದ್ದಾಗ ಬಂತು. ಐಸಿಯುನಲ್ಲಿದ್ದಳು. ಹೃದಯದ ಪಂಪಿಂಗ್ ಕಡಿಮೆಯಾಗಿತ್ತು. ಆಮೇಲೆ ಎಕೋ ನಾರ್ಮಲ್ ಆಯಿತು. ಆದರೆ ಮೆಟ್ಟಿಲು ಹತ್ತಿದರೂ ಸುಸ್ತು ಅನ್ನುತ್ತಿದ್ದಳು. ಇದೂ ಇಲ್ಲಿಗೇ ಸೇರುತ್ತಾ?

ಎಕೋರೂಂ
ಸೇರುತ್ತೆ ಅಕ್ಕ, ಆದರೆ ನಿಯಮ ಬೇರೆ. 2020ರಲ್ಲಿ ಮೊದಲು ನೋಡಿದಾಗ ಎಲ್ಲರೂ ಕವಾಸಾಕಿಯೇ ಅಂದುಕೊಂಡಿದ್ದರು, ಲಕ್ಷಣಗಳು ಅಷ್ಟು ಹೋಲುತ್ತಿದ್ದವು. ಕವಾಸಾಕಿ ಹೆಚ್ಚಾಗಿ ಐದು ವರ್ಷದೊಳಗಿನವರಿಗೆ ಬರುತ್ತದೆ, ಮುಖ್ಯ ಪೆಟ್ಟು ಕೊರೊನರಿ ನಾಳಕ್ಕೆ. ಎಂಐಎಸ್‌ಸಿ ಸ್ವಲ್ಪ ದೊಡ್ಡ ಮಕ್ಕಳಿಗೆ, ಸೋಂಕಾಗಿ ಎರಡರಿಂದ ಆರು ವಾರದಲ್ಲಿ ಬರುತ್ತದೆ, ಪೆಟ್ಟು ಹೆಚ್ಚಾಗಿ ಹೃದಯದ ಸ್ನಾಯುವಿಗೆ. ಸ್ನಾಯು ಉರಿಯೂತ ಇದ್ದಾಗ ಜೋರಾಗಿ ಓಡಿದರೆ ಬಡಿತ ಅಪಾಯಕಾರಿಯಾಗಿ ತಾಳ ತಪ್ಪಬಹುದು. ಆದ್ದರಿಂದ ಪಂಪಿಂಗ್ ಕಡಿಮೆಯಾಗಿದ್ದ ಮಕ್ಕಳಿಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಆಟ ಬಂದ್. ಆಮೇಲೆ ಎಕೋ, ಇಸಿಜಿ, 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ), ವ್ಯಾಯಾಮ ಪರೀಕ್ಷೆ ಇಷ್ಟು ನೋಡಿ ಹಂತ ಹಂತವಾಗಿ ಬಿಡುತ್ತಾರೆ. ಇಲ್ಲಿ "ಓಡಬೇಡ" ಅನ್ನೋದು ನಿಜವಾದ ಔಷಧಿ. ಕವಾಸಾಕಿ ವಾಸಿಯಾಗಿ ನಾಲ್ಕು ವರ್ಷ ಆದ ಮಗುವಿಗೆ ಅದೇ ಮಾತು ಔಷಧಿಯಲ್ಲ.

ಇನ್ನು ಸುಸ್ತು. ಐಸಿಯುನಲ್ಲಿ ಮಲಗಿ, ಆಮೇಲೆ ತಿಂಗಳುಗಟ್ಟಲೆ ಆಟ ಇಲ್ಲದೆ ಕೂತ ಮಗುವಿನ ಕಾಲಿನಲ್ಲಿ ಶಕ್ತಿ ಎಲ್ಲಿಂದ ಬರಬೇಕು? ಎಕೋ ನೋಡೋದು ಮಗು ಸುಮ್ಮನೆ ಮಲಗಿದ್ದಾಗ. ಪಂಪ್ ಸರಿಯಾಗಿದೆ ಅಂದರೆ ಸ್ನಾಯುವಿಗೂ ಬಲ ಬಂತು ಅಂತ ಅರ್ಥ ಅಲ್ಲ.

ಹಳೇ_ಪೇಷಂಟ್
ನಾನು ಚಿಕ್ಕವನಿದ್ದಾಗ ಬಂದದ್ದು, ಈಗ ಮೂವತ್ತು ದಾಟಿದ್ದೇನೆ. ಮಧ್ಯಮ ಗಾತ್ರದ ಉಬ್ಬು ಇತ್ತು, ಇಳಿಯಿತು. ಅರ್ಧಕ್ಕಿಂತ ಜಾಸ್ತಿ ಉಬ್ಬುಗಳು ಒಂದೆರಡು ವರ್ಷದಲ್ಲಿ ನಾರ್ಮಲ್ ಅಗಲಕ್ಕೆ ಬರುತ್ತವೆ. ಆದರೆ ಅಗಲ ನಾರ್ಮಲ್ ಆಯಿತು ಅಂದರೆ ಗೋಡೆ ಹೊಸದಾಯಿತು ಅಂತಲ್ಲ. ಒಳಪದರ ದಪ್ಪಗಾಗಿರುತ್ತದೆ, ಬೇಕಾದಾಗ ಹಿಗ್ಗುವ ಗುಣ ಕಡಿಮೆ ಇರುತ್ತದೆ. ಅದಕ್ಕೇ ಉಬ್ಬು ಇದ್ದವರು ಅದು ಇಳಿದ ಮೇಲೂ ಡಾಕ್ಟರನ್ನು ಬಿಡಬಾರದು.

ನನಗೆ ಸಿಟ್ಟು ಬರೋದು ಒಂದೇ ವಿಷಯಕ್ಕೆ. ಶಾಲೆ ಮುಗಿಯುವವರೆಗೂ ನನ್ನನ್ನು ಓಡಲು ಬಿಡಲಿಲ್ಲ. ಯಾವ ಡಾಕ್ಟರೂ ಹೇಳಿದ್ದಲ್ಲ, ಮನೆಯವರ ತೀರ್ಮಾನ. ಕಾಲೇಜಿಗೆ ಬರುವ ಹೊತ್ತಿಗೆ ತೂಕ ಜಾಸ್ತಿ, ಬಿಪಿ ಗಡಿಯಲ್ಲಿ. ಪೆಟ್ಟು ತಿಂದ ರಕ್ತನಾಳಕ್ಕೆ ಅದರ ಮೇಲೆ ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಸೇರಿದರೆ ಏನಾಗುತ್ತೆ ಯೋಚಿಸಿ. ಕಾಪಾಡುತ್ತೇವೆ ಅಂತ ಹೇಳಿ ಕೂರಿಸಿದ್ದು, ನಿಜವಾಗಿ ಕಾಪಾಡಬೇಕಾದ ಜಾಗದಲ್ಲೇ ಕೈಕೊಟ್ಟಿತು.

ಹಳೇ ಎಕೋ ರಿಪೋರ್ಟ್‌ಗಳನ್ನು ಎಸೆಯಬೇಡಿ. ಫೋಟೊ ತೆಗೆದಾದರೂ ಇಡಿ. ನಾಳೆ ಇಪ್ಪತ್ತೈದು ವರ್ಷದ ಹುಡುಗ ಎದೆನೋವು ಅಂತ ಎಮರ್ಜೆನ್ಸಿಗೆ ಹೋದರೆ ಗ್ಯಾಸ್ ಅಂತ ಕಳಿಸುವ ಸಾಧ್ಯತೆ ಇದೆ. "ನನಗೆ ಚಿಕ್ಕಂದಿನಲ್ಲಿ ಕವಾಸಾಕಿ ಆಗಿತ್ತು, ಇಂಥ ನಾಳದಲ್ಲಿ ಇಷ್ಟು ಉಬ್ಬು ಇತ್ತು" ಅಂತ ಹೇಳಲು ಅವನಿಗೆ ಗೊತ್ತಿರಬೇಕು.

ಎಕೋರೂಂ
ಹಳೇ ಪೇಷಂಟ್ ಹೇಳಿದ್ದನ್ನು ನಾವು ವಾರ ವಾರ ನೋಡುತ್ತೇವೆ. 1964ರಲ್ಲೇ ಗ್ರೀನ್ ಮತ್ತು ಸೋಲ್ನಿಟ್ ಅನ್ನುವ ಇಬ್ಬರು ವೈದ್ಯರು ಇದರ ಬಗ್ಗೆ ಬರೆದಿದ್ದಾರೆ. ಸಾವಿನ ದವಡೆಯಿಂದ ಬಂದ ಮಗು ಪೂರ್ತಿ ಗುಣವಾದರೂ ತಂದೆತಾಯಿಯ ಕಣ್ಣಿಗೆ ಅದು ಇನ್ನೂ ಕಾಯಿಲೆಯ ಮಗುವೇ. ಆಮೇಲೆ ಮಗುವೂ ಅದನ್ನೇ ನಂಬುತ್ತದೆ. ಬೆಳ್ಳಿಚುಕ್ಕಿ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮಗ ಕೂತುಬಿಡೋದು ಉಸಿರು ಸಾಲದೇನಾ ಅಥವಾ ಏದುಸಿರು ಬಂದ ತಕ್ಷಣ ಕೂರಬೇಕು ಅಂತ ಕಲಿತಿರೋದಕ್ಕಾ, ಒಮ್ಮೆ ಅವನನ್ನೇ ಕೇಳಿ.

ಬೆಳ್ಳಿಚುಕ್ಕಿ
ಕೇಳಿದೆ ಮೇಡಂ. "ಹಾರ್ಟ್ ಫಾಸ್ಟ್ ಆದರೆ ಒಡೆದುಹೋಗುತ್ತೆ ಅಂತ ತಾತ ಹೇಳಿದ್ದಾರೆ" ಅಂದ. ಏನು ಹೇಳಬೇಕೋ ತಿಳಿಯಲಿಲ್ಲ.

ಟ್ರೆಡ್‌ಮಿಲ್ ಅಣ್ಣ
ಅವನ ಕೈಯನ್ನೇ ಅವನ ಎದೆ ಮೇಲೆ ಇಡಿಸಿ, ಎರಡು ನಿಮಿಷ ಜಿಗಿದು ಬಾ ಅನ್ನಿ. ಮತ್ತೆ ಕೈ ಇಡಿಸಿ. ಎರಡು ನಿಮಿಷ ಕೂತ ಮೇಲೆ ಮತ್ತೊಮ್ಮೆ. ಮೇಲೆ ಹೋದದ್ದು ತಾನಾಗಿ ಕೆಳಗೆ ಬರುತ್ತೆ ಅಂತ ಅವನಿಗೇ ಗೊತ್ತಾಗುತ್ತೆ. ತಾತನ ಕೈಯನ್ನೂ ಇಡಿಸಿ!

ಪಿಟಿ_ಮೇಷ್ಟ್ರು
ನಾನು ಆ ಹೊಸ ಮೇಷ್ಟ್ರು ಅಲ್ಲ, ಆದರೂ ನಮ್ಮ ಕಡೆಯಿಂದ ಎರಡು ಮಾತು. ಚೀಟಿಯಲ್ಲಿ "ಹೃದಯದ ತೊಂದರೆ, ಗಮನವಿರಲಿ" ಅಂತ ಮಾತ್ರ ಬರೆದು ಕಳಿಸಿದರೆ ನಾನು ಏನು ಮಾಡಬೇಕು? ಯಾವ ಮೇಷ್ಟ್ರೂ ರಿಸ್ಕ್ ತೆಗೆದುಕೊಳ್ಳಲ್ಲ, ಮರದ ಕೆಳಗೆ ಕೂರಿಸುತ್ತಾರೆ. ಜಪಾನಿನ ಶಾಲೆಗಳಲ್ಲಿ ಇದಕ್ಕೊಂದು ಫಾರಂ ಇದೆ. ಡಾಕ್ಟರು ಮಗುವನ್ನು ಎ ಯಿಂದ ಇ ವರೆಗೆ ಒಂದು ದರ್ಜೆಗೆ ಹಾಕುತ್ತಾರೆ, ಎ ಅಂದರೆ ಮನೆ ಅಥವಾ ಆಸ್ಪತ್ರೆಯಲ್ಲೇ ಇರಬೇಕಾದವರು, ಇ ಅಂದರೆ ಜೋರು ಆಟಕ್ಕೂ ಅಡ್ಡಿ ಇಲ್ಲದವರು. ಮೇಷ್ಟ್ರಿಗೆ ಗೊಂದಲವೇ ಇಲ್ಲ. ನಮಗೆ ಅಷ್ಟು ಸ್ಪಷ್ಟವಾಗಿ ಬರೆದುಕೊಟ್ಟರೆ ಸಾಕು.

ಕೂತು ಅಭ್ಯಾಸವಾದ ಮಗುವನ್ನು ಮೊದಲ ದಿನವೇ ಸುತ್ತು ಓಡಿಸೋದು ತಪ್ಪು, ಅದು ಯಾವ ಮಗುವಿಗಾದರೂ. ನಡೆ, ನಿಧಾನ ಓಡು, ಮತ್ತೆ ನಡೆ. ಓಡುವಾಗ ಒಂದು ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ನಿಧಾನಿಸಬೇಕು. ಕೆಲವು ವಾರ ಹೀಗೆ ಮಾಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಐದರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಆರೋಗ್ಯವಂತ ಮಕ್ಕಳೇ ಅಷ್ಟು ಮಾಡುತ್ತಿಲ್ಲ ಬಿಡಿ.

ಸುಮ್ನೆ_ಓದುವವಳು
ಎಲ್ಲರೂ ಹೃದಯ ಇಲ್ಲವೇ ಅಭ್ಯಾಸ ಅಂತಿದ್ದೀರಿ. ಮೂರನೆಯದೂ ಇರಬಹುದಲ್ವಾ? ನಮ್ಮ ಅಕ್ಕನ ಮಗನಿಗೂ ಹೀಗೇ ಆಗುತ್ತಿತ್ತು, ನೋಡಿದರೆ ಹಿಮೋಗ್ಲೋಬಿನ್ ಕಡಿಮೆ.

ಎಕೋರೂಂ
ಸರಿಯಾಗಿ ಹೇಳಿದಿರಿ. ರಕ್ತಹೀನತೆ ನೋಡಲೇಬೇಕು, ಒಂದು ರಕ್ತಪರೀಕ್ಷೆ ಅಷ್ಟೇ. ವ್ಯಾಯಾಮದಿಂದ ಬರುವ ಅಸ್ತಮಾ ಇನ್ನೊಂದು. ಓಡಿ ನಿಲ್ಲಿಸಿದ ಮೇಲೆ ಐದು ಹತ್ತು ನಿಮಿಷಕ್ಕೆ ಕೆಮ್ಮು, ಎದೆಯಲ್ಲಿ ಸುಯ್ ಅನ್ನುವ ಶಬ್ದ ಬಂದರೆ ಅದರ ಕಡೆ ಯೋಚಿಸಬೇಕು. ಕವಾಸಾಕಿ ಆಗಿತ್ತು ಅನ್ನುವ ಒಂದೇ ಕಾರಣಕ್ಕೆ ಎಲ್ಲವನ್ನೂ ಹೃದಯದ ಲೆಕ್ಕಕ್ಕೆ ಬರೆಯುವ ಹಾಗಿಲ್ಲ.

ಆದರೆ ಕಾಯಬಾರದ ಲಕ್ಷಣಗಳೂ ಇವೆ. ಓಡುತ್ತಿರುವಾಗಲೇ ಎದೆನೋವು ಅಥವಾ ಎದೆ ಹಿಂಡಿದ ಹಾಗೆ ಆಗೋದು. ಓಡುತ್ತಿರುವಾಗಲೇ ಪ್ರಜ್ಞೆ ತಪ್ಪೋದು. ಕಾರಣ ಇಲ್ಲದೆ ಬಡಿತ ಹುಚ್ಚಾಪಟ್ಟೆ ಆಗೋದು. ಚಿಕ್ಕ ಮಕ್ಕಳು ಎದೆನೋವು ಅಂತ ಹೇಳುವುದಿಲ್ಲ. ಹೊಟ್ಟೆನೋವು ಅನ್ನಬಹುದು, ವಾಂತಿ ಮಾಡಬಹುದು, ಬಿಳಿಚಿಕೊಂಡು ಬೆವರಬಹುದು, ಸಮಾಧಾನವೇ ಆಗದ ಹಾಗೆ ಅಳಬಹುದು. ಉಬ್ಬು ಇರುವ ಮಗುವಿನಲ್ಲಿ ಇದು ಕಂಡರೆ ಮನೆಯಲ್ಲಿ ಕಾದು ನೋಡಬೇಡಿ, ನೇರ ಆಸ್ಪತ್ರೆ.

ಬೆಳ್ಳಿಚುಕ್ಕಿ
ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಹಿಮೋಗ್ಲೋಬಿನ್, ವ್ಯಾಯಾಮ ಪರೀಕ್ಷೆ ಬೇಕಾ ಬೇಡವಾ, ಶಾಲೆಗೆ ಕಾಗದ, ಈ ಮೂರು ಕೇಳುತ್ತೇನೆ. ಪಿಟಿ ಮೇಷ್ಟ್ರೇ, ಕಾಗದದಲ್ಲಿ ಏನಿದ್ದರೆ ನಿಮಗೆ ಅನುಕೂಲ?

ಪಿಟಿ_ಮೇಷ್ಟ್ರು
ಮೂರು ಸಾಲು ಸಾಕು ಮೇಡಂ.

"ಈ ವಿದ್ಯಾರ್ಥಿ ಸ್ಪರ್ಧೆಯೂ ಸೇರಿ ಎಲ್ಲ ಆಟಗಳಲ್ಲಿ ಭಾಗವಹಿಸಬಹುದು. ಸುಸ್ತಾದಾಗ ತಾನೇ ನಿಧಾನಿಸಲು ಬಿಡಿ, ಒತ್ತಾಯ ಬೇಡ. ಆಟದ ನಡುವೆ ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ಮನೆಗೆ ಈ ನಂಬರಿಗೆ ತಿಳಿಸಿ."

ಡಾಕ್ಟರ ಸಹಿ, ತಾರೀಕು, ಮತ್ತೆ ಯಾವಾಗ ನೋಡಬೇಕು ಅನ್ನೋದು. ತಾರೀಕು ಮರೆಯಬೇಡಿ. ಒಂದನೇ ಕ್ಲಾಸಿನ ಚೀಟಿ ಐದನೇ ಕ್ಲಾಸಿನವರೆಗೂ ಫೈಲಿನಲ್ಲೇ ಇರುತ್ತೆ.

ಹಗಲುಗನಸು
ಇದನ್ನೇ ನಾನೂ ಮಗಳ ಶಾಲೆಗೆ ಬರೆದುಕೊಡಲಾ? ಅವಳಿಗೆ ಪರೀಕ್ಷೆ ಇನ್ನೂ ಆಗಿಲ್ಲ, ಎಕೋ ಮಾತ್ರ ನಾರ್ಮಲ್ ಇದೆ.

ಎಕೋರೂಂ
ಬೇಡ ಅಕ್ಕ. ಮೊದಲನೇ ಸಾಲು ಡಾಕ್ಟರು ಬರೆಯಬೇಕಾದದ್ದು. ಎಂಐಎಸ್‌ಸಿಯಲ್ಲಿ ಹೋಲ್ಟರ್ ಮತ್ತು ವ್ಯಾಯಾಮ ಪರೀಕ್ಷೆ ಆಗುವವರೆಗೆ ನಡಿಗೆ ಮಾತ್ರ ಅಂತ ಶಾಲೆಗೆ ತಿಳಿಸಿ. ಪರೀಕ್ಷೆಗೆ ದಿನ ಗೊತ್ತು ಮಾಡಿದ್ದಾರಾ?

ಹಗಲುಗನಸು
ಇಲ್ಲ, ಯಾರೂ ಹೇಳಿಲ್ಲ. ನಾಳೆ ಬೆಳಗ್ಗೆ ಫೋನ್ ಮಾಡುತ್ತೇನೆ.